ಢಾಕಾದ ಎರಡನೇ ಹಾಳೆ

ಢಾಕಾದಲ್ಲಿ ಇಳಿದ ದಿನ ನನ್ನನ್ನು ಪಂಜರದೊಳಗೆ ಕೂರಿಸಿ ಊರೊಳಗೆ ಕರೆದುಕೊಂಡು ಹೋದರು. ಇಲ್ಲಿನ ಆಟೋರಿಕ್ಷಾಕ್ಕೆ ‘ಸಿಎನ್‌ಜಿ’ ಅನ್ನುತ್ತಾರೆ. ಅದರ ಎರಡೂ ಬದಿಗೆ ಕಬ್ಬಿಣದ ಜಾಲರಿಯ ಬಾಗಿಲು; ಚಾಲಕನಿಗೂ ನಮಗೂ ನಡುವೆ ಇನ್ನೊಂದು ಜಾಲರಿ. ನಾನು ಹತ್ತಿ ಕೂತ ಕೂಡಲೇ ಚಾಲಕ ಬಾಗಿಲೆಳೆದು ಚಿಲಕ ಹಾಕಿದ. ಬಳ್ಳಾರಿಯಲ್ಲಿ ಆಟೋದ ಹೊರಗೆ ಮೊಣಕೈ ಚಾಚಿ, ಬಿಸಿಗಾಳಿಗೆ ಮುಖವೊಡ್ಡಿ ಓಡಾಡಿದವಳು ನಾನು. ಸಿಗ್ನಲ್‌ನಲ್ಲಿ ಕಳ್ಳರು ಕೈಹಾಕಿ ಚೀಲ ಕಿತ್ತುಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು ಅದು ಎಂಬುದು ಆಮೇಲೆ ತಿಳಿಯಿತು. ಅಂದು ಮಾತ್ರ, ಜಾಲರಿಯ ಕಿಂಡಿಯಲ್ಲಿ ಚೂರು ಚೂರಾಗಿ ಕಾಣುತ್ತಿದ್ದ ಆ ಮಹಾನಗರವನ್ನು ನೋಡುತ್ತ, ‘ಗಿರಿಜಾ, ಇದೇನು ಮಾಡಿಕೊಂಡೆ’ ಎಂದು ನನ್ನನ್ನೇ ಕೇಳಿಕೊಂಡಿದ್ದೆ.

ಜೀನ್ಸ್ ಪ್ಯಾಂಟು ನನ್ನನ್ನು ಇಲ್ಲಿಗೆ ತಂದದ್ದು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಓಣಿಗೊಂದು ಜೀನ್ಸ್ ಯೂನಿಟ್. ಕಾಲೇಜಿನ ರಜೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಹೋದವಳು ಆಮೇಲೆ ಜವಳಿ ಡಿಪ್ಲೊಮಾ ಮಾಡಿದೆ. ಹೊಲಿಗೆಯ ಗುಣಮಟ್ಟ ನೋಡುವ ಕೆಲಸ ಕಲಿತೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಹತ್ತಾರು ಯಂತ್ರಗಳು. ಇಲ್ಲಿ, ನಾನು ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ, ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿನಲ್ಲೂ ಕಣ್ಣು ಹರಿದಷ್ಟು ದೂರ ತಲೆ ಬಗ್ಗಿಸಿ ಹೊಲಿಯುವ ಹೆಣ್ಣುಮಕ್ಕಳು. ಆದರೆ ನೀಲಿ ಬಣ್ಣ ಒಂದೇ. ಸಂಜೆ ಕೈ ತೊಳೆದಾಗ ಬಚ್ಚಲಿಗೆ ಇಳಿಯುವ ಆ ನೀಲಿಯನ್ನು ಕಂಡು, ಮೊದಲ ವಾರವೆಲ್ಲ ನನಗೆ ಸಮಾಧಾನವಾಗುತ್ತಿತ್ತು.

ಭಾಷೆ ಮೊದಲ ದಿನವೇ ಕೈಕೊಟ್ಟಿತು. ಪುಸ್ತಕದಿಂದ ಕಲಿತು ಬಂದಿದ್ದ ಬಂಗಾಳಿಯಲ್ಲಿ ‘ಜೊಲ್’ ಕೇಳಿದೆ. ಜೊಲ್ ಅಂದರೆ ನೀರು. ಹೊಲಿಗೆಯ ಸಾಲಿನ ಹುಡುಗಿಯರೆಲ್ಲ ಒಮ್ಮೆಗೇ ತಿರುಗಿದರು. ಇಲ್ಲಿ ಮುಸ್ಲಿಮರು ‘ಪಾನಿ’ ಅನ್ನುತ್ತಾರೆ, ಹಿಂದೂಗಳು ‘ಜೊಲ್’. ಒಂದು ಲೋಟ ನೀರು ಕೇಳುವಷ್ಟರಲ್ಲಿ ನಾನು ಯಾರೆಂಬುದು ಇಡೀ ಸಾಲಿಗೆ ಗೊತ್ತಾಗಿತ್ತು. ನೀರೇನೋ ಕೊಟ್ಟರು. ಮರುದಿನದಿಂದ ನಾನೇ ‘ಪಾನಿ’ ಅನ್ನತೊಡಗಿದೆ. ಊರಿನ ನನ್ನ ಗೆಳತಿ ಶಾಹಿದಾ ತನ್ನ ಮನೆಯಲ್ಲಿ ಅಮ್ಮನ ಹತ್ತಿರ ‘ಪಾನಿ’, ನಮ್ಮ ಹತ್ತಿರ ‘ನೀರು’ ಅನ್ನುತ್ತಿದ್ದಳು. ಅದರಲ್ಲೇನಾದರೂ ಇದೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಶಾಹಿದಾ ಸಿರುಗುಪ್ಪದವಳು. ನಾಗವೇಣಿ ಕುರುಗೋಡಿನವಳು. ಕಾಲೇಜಿನ ದಿನಗಳಲ್ಲಿ ಬಳ್ಳಾರಿಯ ಗಾಂಧಿನಗರದ ಹಾಸ್ಟೆಲಿನಲ್ಲಿ ಅವರಿಬ್ಬರದು ಒಂದೇ ಕೋಣೆ. ಪಾರ್ವತಿನಗರದಲ್ಲಿ ಮನೆಯಿದ್ದರೂ ನಾನು ಹಗಲೆಲ್ಲ ಅಲ್ಲೇ ಬಿದ್ದಿರುತ್ತಿದ್ದೆ. ಈಗ ನಾಗವೇಣಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ; ಶಾಹಿದಾ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ನಾನು ಹೊರಡುವಾಗ ನಾಗವೇಣಿ ಕಟ್ಟಪ್ಪಣೆ ಮಾಡಿದ್ದಳು: “ಫೋನಿನ್ಯಾಗ ಹಲೋ ಗಿಲೋ ಬ್ಯಾಡ. ಕಾಗದ ಬರಿ. ಕೂತು ಓದಾಕ ಬರೂ ಹಂಗ ಬರಿ.” ಇಲ್ಲಿ ಶುಕ್ರವಾರ ರಜೆ. ಪ್ರತಿ ಶುಕ್ರವಾರ ನಾನು ಉದ್ದಕ್ಕೆ ಬರೆದು ವಾಟ್ಸಾಪಿನಲ್ಲಿ ಇಬ್ಬರಿಗೂ ಕಳಿಸುತ್ತಿದ್ದೆ.

ಮನೆ ಸಿಕ್ಕ ಕತೆಯೇ ಅವರಿಗೆ ಬರೆದ ಮೊದಲ ಕಾಗದ. ಊರತುಂಬ ‘ಟು-ಲೆಟ್’ ಬೋರ್ಡುಗಳು, ಅದರ ಕೆಳಗೆ ‘ಬ್ಯಾಚೆಲರ್‌ಗೆ ಇಲ್ಲ’. ಒಂಟಿಯಾಗಿರುವ ಹೆಂಗಸೂ ಇಲ್ಲಿ ಬ್ಯಾಚೆಲರೇ. ಅದು ಎಷ್ಟು ದೊಡ್ಡ ಅಪರಾಧ ಎಂದು ಮನೆ ಹುಡುಕಿದವರಿಗೇ ಗೊತ್ತು. ಕೊನೆಗೆ ಉತ್ತರಾ ಎಂಬ ಬಡಾವಣೆಯಲ್ಲಿ ರೊಕೇಯಾ ಎಂಬ ವಿಧವೆ ಬಾಗಿಲು ತೆರೆದರು. ಊರು ಕೇಳಿದರು. ಬಳ್ಳಾರಿ ಅವರಿಗೆ ತಿಳಿಯಲಿಲ್ಲ. ದಕ್ಷಿಣ ಎಂದೆ. ತಟ್ಟನೆ ಅವರ ಬಾಯಿಂದ ತೆಲುಗು ಬಂತು: “ಕೂರ್ಚೋಮ್ಮಾ!” ಕೂತುಕೋ ತಾಯಿ ಎಂದು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡನ ಚಿಕಿತ್ಸೆಗೆ ಅವರು ವೆಲ್ಲೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರಂತೆ. ಪಕ್ಕದ ಹಾಸಿಗೆಯವರು ಚಿತ್ತೂರಿನ ಕಡೆಯವರು. ಅವರಿಂದ ನಾಲ್ಕು ಮಾತು ಕಲಿತಿದ್ದರು. ಗಂಡ ಉಳಿಯಲಿಲ್ಲ, ತೆಲುಗು ಉಳಿಯಿತು. ಬಳ್ಳಾರಿಯವರಿಗೆ ತೆಲುಗು ಬಾರದೆ ಇರುತ್ತದೆಯೇ? ಅವರ ಮನೆಯ ಮಹಡಿಯ ಕೋಣೆ ನನಗೆ ಸಿಕ್ಕಿತು. ಮೊದಲ ತಿಂಗಳು ನಾವಿಬ್ಬರೂ ಒಂದಿಷ್ಟು ತೆಲುಗು, ಒಂದಿಷ್ಟು ಉರ್ದು ಸೇರಿಸಿ ಸಂಸಾರ ನಡೆಸಿದೆವು. ಅವರನ್ನು ಖಾಲಾ ಅನ್ನುತ್ತೇನೆ. ಖಾಲಾ ಅಂದರೆ ಚಿಕ್ಕಮ್ಮ. ಬೆಳಿಗ್ಗೆ ನಾನು ಲಿಂಗಪೂಜೆ ಮಾಡುವುದನ್ನು ಅವರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಕೊರಳ ಕರಡಿಗೆಯತ್ತ ಕೈ ತೋರಿಸಿ ಏನಿದು ಎಂದರು. “ನಮ್ಮ ದೇವರು” ಎಂದೆ. “ಕೊರಳಲ್ಲೇ ಇರುತ್ತಾನಾ? ಒಳ್ಳೆಯದೇ ಆಯಿತು, ಹುಡುಕಿಕೊಂಡು ಹೋಗಬೇಕಿಲ್ಲ” ಎಂದು ಅಡುಗೆಮನೆಗೆ ಹೋದರು. ನಾನು ಮೀನು ತಿನ್ನುವುದಿಲ್ಲ ಎಂಬುದನ್ನು ಮಾತ್ರ ಅವರಿಗೆ ನಂಬಲು ಆಗಲೇ ಇಲ್ಲ. ಪಾಪ, ಯಾವ ಕಾಯಿಲೆಯೋ ಎಂಬಂತೆ ನೋಡುತ್ತಿದ್ದರು.

ಜೋಳದ ರೊಟ್ಟಿ ಇಲ್ಲಿ ಕನಸು. ಊರಿಂದ ತಂದ ಹಿಟ್ಟು ಮಳೆಗಾಲದ ತೇವಕ್ಕೆ ಮುಗ್ಗಲು ಹಿಡಿಯಿತು. ಸಿರುಗುಪ್ಪದಲ್ಲಿ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕಾಯುತ್ತಾರೆ. ಇಲ್ಲಿ ನೀರು ಯಾವಾಗ ಇಳಿಯುತ್ತದೆ ಎಂದು ಕಾಯುತ್ತಾರೆ. ಎರಡೂ ಕಡೆ ಭತ್ತವೇ, ಎರಡೂ ಕಡೆ ಮೊಣಕಾಲವರೆಗೆ ಕೆಸರೇ.

ಖಾಲಾಗೆ ಒಬ್ಬನೇ ಮಗ, ತಮೀಮ್. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ. ನನ್ನನ್ನು ‘ಆಪಾ’, ಅಂದರೆ ಅಕ್ಕ, ಅನ್ನುತ್ತಿದ್ದ. ನನ್ನ ಬಂಗಾಳಿಯನ್ನು ತಿದ್ದುತ್ತಿದ್ದ, ತಪ್ಪಾದರೆ ಮುಚ್ಚುಮರೆಯಿಲ್ಲದೆ ನಗುತ್ತಿದ್ದ. ಆ ಬೇಸಿಗೆ ಕಳೆಯುವ ಹೊತ್ತಿಗೆ ಅವನು ಮನೆಗೆ ತಡವಾಗಿ ಬರತೊಡಗಿದ. 1971ರ ಸ್ವಾತಂತ್ರ್ಯ ಹೋರಾಟಗಾರರ ಮನೆತನಗಳಿಗೆ ಸರ್ಕಾರಿ ನೌಕರಿಯಲ್ಲಿ ಇಟ್ಟಿದ್ದ ಮೀಸಲು ಪಾಲಿನ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ‘ಹುಡುಗರ ಗದ್ದಲ, ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ’ ಎಂದು ನಾನು ಗೆಳತಿಯರಿಗೆ ಬರೆದೆ. ಪರದೇಶದವರು ಎಲ್ಲ ತಿಳಿದವರಂತೆ ಬರೆಯುತ್ತಾರಲ್ಲ, ಹಾಗೆ. ಶಾಹಿದಾ ಮಾತ್ರ ಕೇಳಿದ್ದಳು: “ನೌಕರಿ ಸಿಗಲ್ಲ ಅಂದ್ರ ನಮ್ಮ ಹುಡುಗ್ರು ಸುಮ್ಮಕಿರ್ತಾರೇನು? ಹುಷಾರಿರು.”

ತಣ್ಣಗಾಗಲಿಲ್ಲ. ಗುಂಡು ಹಾರಿತು. ನೆಟ್ ನಿಂತಿತು. ಕರ್ಫ್ಯೂ ಹಾಕಿದರು. ಹಾರ್ನ್ ನಿಲ್ಲದ ಆ ಊರಿನಲ್ಲಿ ಹಾರ್ನ್ ನಿಂತು, ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು ಮಾತ್ರ ಉಳಿಯಿತು. ಖಾಲಾ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ತಮೀಮ್ ಅವರ ಮುಂದೆ ನಿಂತ. “ಅಮ್ಮಾ, ನನ್ನ ಜೊತೆ ಕ್ಲಾಸಿನಲ್ಲಿ ಕೂರುತ್ತಿದ್ದವನನ್ನು ನಿನ್ನೆ ಮಣ್ಣು ಮಾಡಿದರು. ನಾನು ಹೋಗಲಿಲ್ಲ. ಇವತ್ತೂ ಹೋಗದಿದ್ದರೆ ಮತ್ತೆ ಯಾವತ್ತೂ ಎಲ್ಲಿಗೂ ಹೋಗಲಾರೆ.” ಖಾಲಾ ಸೆರಗಿನ ಗಂಟನ್ನು ತಾವೇ ಬಿಚ್ಚಿದರು.

ಮಧ್ಯಾಹ್ನ ಕಳೆದ ಮೇಲೆ ಇಬ್ಬರು ಗೆಳೆಯರು ಅವನನ್ನು ಸೈಕಲ್ ರಿಕ್ಷಾದಲ್ಲಿ ಒರಗಿಸಿಕೊಂಡು ಬಂದರು. ಮುಖದ ಮೇಲೆ ಒದ್ದೆ ಗಮ್ಛಾ. ನಮ್ಮಲ್ಲಿ ಟವೆಲ್ ಹೆಗಲ ಮೇಲಿರುವ ಹಾಗೆ ಇಲ್ಲಿ ಎಲ್ಲರ ಹೆಗಲ ಮೇಲೂ ಇರುವ ಚೌಕಳಿ ವಸ್ತ್ರ ಅದು. ಎಡಗಡೆ ಅದು ಪೂರ ಕೆಂಪಾಗಿತ್ತು. ಪೊಲೀಸರು ಹಾರಿಸಿದ ಸಣ್ಣ ಗುಂಡಿನ ಚೂರುಗಳು ಕಣ್ಣಿಗೆ ಹೊಕ್ಕಿದ್ದವು. ಅವನ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು, ನಾನೂ ಖಾಲಾನೂ ಅದೇ ರಿಕ್ಷಾದಲ್ಲಿ ಆಸ್ಪತ್ರೆ ಸೇರಿದೆವು. ಅಲ್ಲಿ ಕಂಡದ್ದನ್ನು ಎಷ್ಟು ಬರೆದರೂ ಸರಿಯಾಗಿ ಬರೆದಂತಾಗುವುದಿಲ್ಲ. ಮೊಗಸಾಲೆಯ ಉದ್ದಕ್ಕೂ ಹುಡುಗರು, ಹೆಚ್ಚಿನವರಿಗೆ ಒಂದೇ ಕಣ್ಣಿಗೆ ಪಟ್ಟಿ, ಕೆಲವರಿಗೆ ಎರಡಕ್ಕೂ. ಯಾರೂ ಕೂಗಾಡುತ್ತಿರಲಿಲ್ಲ. ಒಬ್ಬ ಪಕ್ಕದವನನ್ನು “ಬೆಳಕು ಹೋಗಿದೆಯಾ?” ಎಂದು ಕೇಳುತ್ತಿದ್ದ. ಪಕ್ಕದವನು ಹೌದು, ಕರೆಂಟಿಲ್ಲ ಎಂದ. ಮೇಲೆ ದೀಪ ಉರಿಯುತ್ತಿತ್ತು.

ತಮೀಮನ ಎಡಗಣ್ಣು ಉಳಿಯಲಿಲ್ಲ. ಡಾಕ್ಟರು ಹೇಳಿದಾಗ ಖಾಲಾ ಅಳಲಿಲ್ಲ. ನನ್ನ ಕೈ ಹಿಡಿದು, ನಮ್ಮ ಹಳೆಯ ಹರಕು ತೆಲುಗಿನಲ್ಲಿ, “ಒಂದು ಇದೆಯಲ್ಲಮ್ಮಾ” ಎಂದರು.

ಕೆಲವು ವಾರಗಳಲ್ಲಿ ಸರ್ಕಾರ ಬಿತ್ತು. ಪ್ರಧಾನಿ ದೇಶ ಬಿಟ್ಟು ಹೋದರು. ಹೋದದ್ದು ಭಾರತಕ್ಕೆ. ಅಂದು ಬೀದಿಯಲ್ಲಿ ಹಬ್ಬ: ಜನ ಅಪ್ಪಿಕೊಂಡರು, ಮಿಠಾಯಿ ಹಂಚಿದರು, ತಮೀಮನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮರುದಿನದಿಂದ ಪೊಲೀಸ್ ಠಾಣೆಗಳು ಖಾಲಿ. ಕೇಳುವವರಿಲ್ಲ ಎಂದಾದ ಕೂಡಲೇ ಹಳೆಯ ಹಗೆಗಳೆಲ್ಲ ಬಾಗಿಲು ತೆರೆದು ಹೊರಬಂದವು. ಬೇರೆ ಊರುಗಳಲ್ಲಿ ಹಿಂದೂಗಳ ಮನೆಗಳಿಗೆ, ಗುಡಿಗಳಿಗೆ ಬೆಂಕಿ ಬಿದ್ದದ್ದು ನಿಜ. ಅದನ್ನು ಸುಳ್ಳೆನ್ನುವವರಿಗೆ ನಾನು ಅಂದೂ ದನಿಗೂಡಿಸಲಿಲ್ಲ, ಇಂದೂ ಗೂಡಿಸುವುದಿಲ್ಲ. ನಮ್ಮ ಕಾರ್ಖಾನೆಯ ಒಬ್ಬ ಹಿಂದೂ ಹುಡುಗಿ ಹಣೆಯ ಬೊಟ್ಟು ಅಳಿಸಿಕೊಂಡು ಕೆಲಸಕ್ಕೆ ಬಂದದ್ದನ್ನು ನಾನೇ ಕಂಡಿದ್ದೇನೆ.

ಒಂದು ಇಳಿಹೊತ್ತು ನಮ್ಮ ಗೇಟಿಗೂ ಬಂದರು. ಕೈಯಲ್ಲಿ ಬಡಿಗೆ ಹಿಡಿದ ಹುಡುಗರು, ಹಿಂದೆ ಕೆಲವು ದೊಡ್ಡವರು. “ಮೇಲಿರುವ ಇಂಡಿಯಾದ ಹೆಂಗಸನ್ನು ಕಳಿಸಿ. ಅವಳು ಏಜೆಂಟ್.” ನಾನು ಮೇಲಿನ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಕೊರಳ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಅದನ್ನು ತೆಗೆದು ಎಲ್ಲಾದರೂ ಇಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆಗಲಿಲ್ಲ.

ಖಾಲಾ ಗೇಟು ತೆರೆದು ಹೊರಗೇ ಹೋಗಿ ನಿಂತರು. “ಅವಳು ನನ್ನ ಬಾಡಿಗೆಯವಳು. ಪ್ಯಾಂಟು ಹೊಲಿಸುವವಳು. ನಿಮ್ಮ ಅಕ್ಕತಂಗಿಯರ ಜೊತೆಗೇ ಕೆಲಸ ಮಾಡುತ್ತಾಳೆ.”

“ನೀವು ಪಕ್ಕಕ್ಕೆ ಸರಿಯಿರಿ, ಖಾಲಾ. ನಾವೇ ಕೇಳುತ್ತೇವೆ” ಎಂದ ಮುಂದಿದ್ದ ಒಬ್ಬ ಹುಡುಗ.

ಆಗ ಹಾಸಿಗೆಯಿಂದ ಎದ್ದು ಬಂದ ತಮೀಮನ ದನಿ ಕೇಳಿತು. ಅವನಿಗೆ ಜ್ವರವಿತ್ತು. ತಾಯಿಯ ಮುಂದೆ ಬಂದು ನಿಂತ. “ನನ್ನನ್ನು ಆಸ್ಪತ್ರೆಗೆ ಸೇರಿಸಿದವಳು ಇವಳು. ನನ್ನ ರಕ್ತ ಇನ್ನೂ ಇವಳ ಬಟ್ಟೆಯಿಂದ ಹೋಗಿಲ್ಲ. ನಾನು ಕಣ್ಣು ಕೊಟ್ಟದ್ದು ನೀವು ಒಂಟಿ ಹೆಂಗಸಿನ ಬಾಗಿಲು ಬಡಿಯಲಿ ಅಂತಲ್ಲ. ಒಳಗೆ ಹೋಗಬೇಕಾದರೆ ಈ ಇನ್ನೊಂದನ್ನೂ ತೆಗೆದುಕೊಂಡು ಹೋಗಿ.”

ಮುಂದೆ ನಿಂತವನು ಬಡಿಗೆ ಕೆಳಗಿಳಿಸಿದ. ಒಬ್ಬೊಬ್ಬರಾಗಿ ತಿರುಗಿದರು. ಕೊನೆಯವನು, “ಗೇಟು ಹಾಕಿಕೊಳ್ಳಿ, ಇನ್ನೊಂದು ಗುಂಪು ಬಂದರೆ ನಮ್ಮ ಹೆಸರು ಹೇಳಿ” ಎಂದು ಹೋದ.

ಆ ಸಂಜೆಯೇ ನಾಗವೇಣಿಗೂ ಶಾಹಿದಾಗೂ ಬರೆದೆ. ನೆಟ್ ಬಂದು ಹೋಗುತ್ತಿದ್ದುದರಿಂದ ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸುವ ರೂಢಿಯಾಗಿತ್ತು. ಎರಡು ಹಾಳೆ ಆಯಿತು. ಮೊದಲನೆಯದರಲ್ಲಿ ಊರಿನ ಸ್ಥಿತಿ, ಬೆಂಕಿ, ಗೇಟಿಗೆ ಬಂದ ಗುಂಪು, ನನ್ನ ಹೆದರಿಕೆ. ‘ನಾನು ಇವತ್ತು ಉಳಿಯುತ್ತೇನೋ ಇಲ್ಲವೋ ಅನ್ನಿಸಿತು’ ಎಂಬ ಸಾಲಿಗೆ ಹಾಳೆ ಮುಗಿದಿತ್ತು. ಖಾಲಾ ಮತ್ತು ತಮೀಮ್ ಎರಡನೆಯದರಲ್ಲಿದ್ದರು. ಮೊದಲ ಹಾಳೆ ಹೋಯಿತು. ಎರಡನೆಯದು ಹೋಗುವಾಗ ನೆಟ್ ಸತ್ತಿತು. ಮತ್ತೆ ಬಂದದ್ದು ಎರಡು ದಿನ ಕಳೆದು.

ಆ ಎರಡು ದಿನದಲ್ಲಿ ಏನಾಯಿತೆಂಬುದನ್ನು ನಾಗವೇಣಿ ಫೋನಿನಲ್ಲಿ ಅಳುತ್ತ ಹೇಳಿದಳು. “ನೀ ಸತ್ತೇ ಹೋದಿ ಅಂತ ಮಾಡಿದ್ನೆಲೇ. ನಮ್ಮ ಮೈದುನ ವೀರೇಶಗ ದೊಡ್ಡ ಮಂದಿ ಪರಿಚಯ ಅದಾರ, ಯಾರಿಗಾರ ಹೇಳಿ ಕರಿಸ್ತಾನ ಅಂತ ಅವಂಗ ಕಳಿಸ್ದೆ. ಅಂವ ಗ್ರೂಪಿಗೆ ಹಾಕಿಬಿಟ್ಟ.” ನನ್ನ ಕೈಬರಹದ ಮೊದಲ ಹಾಳೆ ಕುರುಗೋಡಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿತ್ತು. ಕೆಳಗೆ ಯಾರೋ ಸೇರಿಸಿದ ಸಾಲುಗಳು: ‘ನಮ್ಮೂರ ಹೆಣ್ಣುಮಗಳ ಕೊನೆಯ ಪತ್ರ. ಅವರು ಅಲ್ಲೂ ಅವರೇ, ಇಲ್ಲೂ ಅವರೇ.’

ಎರಡನೇ ಹಾಳೆ ತಲುಪಿದಾಗ ನಾಗವೇಣಿ ಅದನ್ನೂ ವೀರೇಶನಿಗೆ ಕಳಿಸಿದಳು. ಅದು ಅಲ್ಲೇ ನಿಂತಿತು.

ಕಾರ್ಖಾನೆಗೆ ಆರ್ಡರುಗಳು ಬರುವುದು ನಿಂತು ನಮಗೆಲ್ಲ ರಜೆ ಕೊಟ್ಟಾಗ ಊರಿಗೆ ಹೋದೆ. ಪಾರ್ವತಿನಗರದ ಅಣ್ಣನ ಮನೆಗೆ ಓಣಿಯೆಲ್ಲ ಬಂದಿತು. ಸತ್ತು ಬದುಕಿದವಳನ್ನು ನೋಡುವ ಹಾಗೆ ನೋಡಿದರು. ಅತ್ತಿಗೆ ಹೊಸ್ತಿಲಲ್ಲೇ ದೃಷ್ಟಿ ತೆಗೆದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ. ತಲೆಗೆ ಹಚ್ಚಿದ ಎಣ್ಣೆಯೂ ಒಣ ಗಾಳಿಗೆ ಆರುತ್ತದೆ ನಮ್ಮೂರಲ್ಲಿ. ಅಂಥ ಸುಖ ಢಾಕಾದಲ್ಲಿಲ್ಲ. ಆದರೆ ಬಂದವರಿಗೆಲ್ಲ ಒಂದೇ ಪ್ರಶ್ನೆ, ಗುಂಪು ಹೇಗೆ ಬಂತು. ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಲು ಹೊರಟರೆ ಕಾಫಿ ಲೋಟ ಕೆಳಗಿಟ್ಟು ಏಳುತ್ತಿದ್ದರು.

ವೀರೇಶ ಕುರುಗೋಡಿನ ಕಲ್ಯಾಣಮಂಟಪವೊಂದರಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದ. ಹೋಗಬಾರದೆಂದುಕೊಂಡಿದ್ದೆ, ಅಲ್ಲಿಯಾದರೂ ಪೂರ್ತಿ ಓದಿಬಿಡಬಹುದಲ್ಲ ಎಂದು ಹೋದೆ. ಶಾಲು ಹೊದಿಸಿದರು. ನಾನು ಎರಡೂ ಹಾಳೆ ತೆಗೆದೆ. ಮೊದಲನೆಯದನ್ನು ಓದುವಾಗ ಸೂಜಿ ಬಿದ್ದರೆ ಕೇಳುವಷ್ಟು ಶಾಂತ. ಎರಡನೆಯದು ಶುರುವಾದ ಮೇಲೆ ಕುರ್ಚಿಗಳು ಸದ್ದು ಮಾಡತೊಡಗಿದವು. ಮುಂದಿನ ಸಾಲಿನ ಹಿರಿಯರೊಬ್ಬರು ಮೆಲ್ಲಗೆ ಅಂದರು, “ಅದು ಇರ್ಲಿ ತಂಗೀ. ಅವ್ರು ಬಡಿಗಿ ತಗೊಂಡು ಹೆಂಗ ಬಂದ್ರು, ಅದನ್ನ ಇನ್ನೊಮ್ಮಿ ಹೇಳವ್ವ.”

“ಇದೂ ಅಷ್ಟೇ ಖರೆ ಐತ್ರಿ ಅಜ್ಜಾರ” ಎಂದೆ.

“ಖರೆ ಇರಬೌದು. ಎಲ್ಲೋ ಒಬ್ಬ ಒಳ್ಳ್ಯಾವ ಇರ್ತಾನ.”

ವೀರೇಶ ಮೈಕು ತೆಗೆದುಕೊಂಡು ವಂದನಾರ್ಪಣೆ ಮಾಡಿಬಿಟ್ಟ. ಊಟಕ್ಕೆ ಎದ್ದ ಜನರ ಗದ್ದಲದಲ್ಲಿ ನಾನು ಉಳಿದ ಅರ್ಧ ಹಾಳೆಯನ್ನು ಓದಿ ಮುಗಿಸಿದೆ. ಕೇಳಿದವಳು ನಾಗವೇಣಿ ಒಬ್ಬಳೇ.

ಮರುದಿನ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಶಾಹಿದಾ ಅಲ್ಲಿಯವರೆಗೆ ನನ್ನ ಒಂದು ಕರೆಯನ್ನೂ ಎತ್ತಿರಲಿಲ್ಲ. ದಾರಿಯ ಎರಡೂ ಬದಿಗೆ ಭತ್ತ ಹಸಿರಾಗಿತ್ತು. ಬರುವಾಗ ಕೆಂಚನಗುಡ್ಡಕ್ಕೆ ಹೋಗೋಣ, ಕಾಲೇಜಿನ ದಿನಗಳ ಹಾಗೆ ಮೂವರೂ ಹೊಳೆದಂಡೆಯಲ್ಲಿ ಕೂರೋಣ ಎಂದು ನಾಗವೇಣಿ ಅನ್ನುತ್ತಲೇ ಇದ್ದಳು. ನಾನು ಹೂಂ ಅನ್ನುತ್ತಿದ್ದೆ.

ಶಾಹಿದಾ ಬಾಗಿಲು ತೆರೆದಳು. ನಾಗವೇಣಿಗೆ “ಬಾ” ಎಂದವಳು ನನಗೆ “ಬರ್ರಿ” ಎಂದಳು. ಇಪ್ಪತ್ತು ವರ್ಷಗಳ ಗೆಳೆತನದಲ್ಲಿ ಮೊದಲ ಸಲ ಅವಳು ನನಗೆ ಬಹುವಚನ ಹಾಕಿದ್ದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳಿಗೆ ಬಟ್ಟೆ ಮುಚ್ಚಿತ್ತು. ಕಲಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರನ್ನು ಮನೆಯವರು ಬಿಡಿಸಿದ್ದರು. ಒಬ್ಬ ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತು, ಫೋನು ತೋರಿಸಿ, ‘ನಿಮ್ಮ ಗೆಳತಿನ ಬರದಾಳ ನೋಡ್ರಿ, ನಿಮ್ಮವರು ಏನ್ ಮಾಡ್ತಾರಂತ’ ಎಂದು ಓಣಿಗೆಲ್ಲ ಕೇಳುವಂತೆ ಓದಿದ್ದನಂತೆ.

ನಾನು ಚೀಲದಿಂದ ಎರಡನೇ ಹಾಳೆ ತೆಗೆದೆ. “ಇದನ್ನೊಂದು ಓದು ಶಾಹಿದಾ.”

ಅವಳು ಕೈ ಚಾಚಲಿಲ್ಲ. “ಓದೀನಿ. ಫೋನಿನ್ಯಾಗ ಬಂತಲ್ಲ. ಓದದಿದ್ರೂ ಅದರಾಗ ಏನೈತಿ ಅಂತ ನನಗ ಗೊತ್ತಿತ್ತು. ನಿನ್ನ ನಾ ಅರಿಯೆನೇನು? ಆದ್ರ ಅದನ್ನ ತಗೊಂಡು ಯಾರಿಗೆ ತೋರಿಸ್ಲಿ, ಹೇಳು. ಮನಿ ಮನಿಗೆ ಹೋಗ್ಲೇನು?”

ನಾಗವೇಣಿ ಅವಳ ಮೊಣಕಾಲ ಮೇಲೆ ಕೈಯಿಟ್ಟು ಅತ್ತಳು. “ನಂದ ತಪ್ಪೈತಿ ಶಾಹಿದಾ. ಹೆದ್ರಿ ಕಳಿಸ್ಬಿಟ್ಟೆ.”

“ನೀ ಹೆದ್ರಿದ್ದು ಖರೆ. ಇಕಿ ಹೆದ್ರಿ ಬರದದ್ದೂ ಖರೆ” ಎಂದಳು ಶಾಹಿದಾ. ಆಮೇಲೆ ನನ್ನ ಕಡೆ ತಿರುಗಿದಳು. “ಅಲ್ಲಿ ನಿನ್ನ ಬಾಗಿಲಿಗೆ ಬಂದಾಗ ಆ ಹುಡುಗ ಮುಂದ ನಿಂತ. ಇಲ್ಲಿ ನನ್ನ ಬಾಗಿಲಿಗೆ ಬಂದಾಗ ಓಣ್ಯಾಗಿನವರೆಲ್ಲ ಕೇಳಿಕೊಂತ ನಿಂತಿದ್ರು, ಗಿರಿಜಾ. ದಿನಾ ಮಾತಾಡ್ಸೋ ಮಂದಿ. ಒಬ್ರೂ ಒಂದು ಮಾತು ಅನ್ಲಿಲ್ಲ.”

ಚಹಾ ಮಾಡಿ ಕೊಟ್ಟಳು. ನನಗೆ ಸಕ್ಕರೆ ಕಡಿಮೆ ಎಂಬುದನ್ನು ಮರೆತಿರಲಿಲ್ಲ. ಹೊರಡುವಾಗ ಹೊಳೆಯ ಮಾತು ನಾಗವೇಣಿಯೂ ಎತ್ತಲಿಲ್ಲ. ಬಾಗಿಲವರೆಗೆ ಬಂದು ಶಾಹಿದಾ ಕೇಳಿದಳು, “ಯಾವಾಗ ವಾಪಸ್ಸು?”

“ಕಾರ್ಖಾನೆ ತೆರೆದ ಕೂಡ್ಲೇ.”

“ಹೋಗು. ನಿನಗ ಹೋಗಾಕ ಒಂದು ಜಾಗ ಐತಿ.”

ಢಾಕಾಕ್ಕೆ ಮರಳಿ ಬಂದಿದ್ದೇನೆ. ಆರ್ಡರುಗಳು ಒಂದೊಂದಾಗಿ ಬರುತ್ತಿವೆ. ಇಲ್ಲಿ ಯಾರಾದರೂ ನನ್ನ ದೇಶವನ್ನು ಬೈದರೆ ನಾನು ಬಳ್ಳಾರಿಯ ಪರವಾಗಿ ಮಾತಾಡುತ್ತೇನೆ. ಊರಿನಲ್ಲಿದ್ದಷ್ಟು ದಿನ ಢಾಕಾದ ಪರವಾಗಿ ಮಾತಾಡುತ್ತಿದ್ದೆ. ಎರಡೂ ಕಡೆಯವರು ನನ್ನನ್ನು ಆ ಕಡೆಯವಳು ಎಂದುಕೊಳ್ಳುತ್ತಾರೆ. ಶುಕ್ರವಾರ ಈಗಲೂ ಬರೆಯುತ್ತೇನೆ. ಶಾಹಿದಾ ಓದುತ್ತಾಳೆ ಎಂಬುದಷ್ಟೇ ನೀಲಿ ಗುರುತಿನಿಂದ ಗೊತ್ತಾಗುತ್ತದೆ, ಉತ್ತರ ಬರುವುದಿಲ್ಲ.

ಮೊನ್ನೆ ಬೆಳಿಗ್ಗೆ ತಮೀಮ್ ಮೇಲೆ ಬಂದ. ಈಗ ಕಪ್ಪು ಕನ್ನಡಕ ಹಾಕುತ್ತಾನೆ. ಮೆಟ್ಟಿಲು ಹತ್ತುವಾಗ ಗೋಡೆ ಮುಟ್ಟಿಕೊಂಡು ಬರುತ್ತಾನೆ. ಎಡಗಣ್ಣಿನ ಜಾಗಕ್ಕೆ ಕೃತಕ ಕಣ್ಣು ಕೂರಿಸಬೇಕು, ಬಲಗಣ್ಣೂ ಮಂಜಾಗುತ್ತಿದೆ, ಅದನ್ನು ದಕ್ಷಿಣದಲ್ಲಿ ತೋರಿಸಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಇಲ್ಲಿಯವರಿಗೆ ಭಾರತದ ವೀಸಾ ಸಿಗುವುದು ಈಗ ಕಷ್ಟ. ಸಿಕ್ಕೀತು ಎಂಬ ಆಸೆಯಲ್ಲಿ ಅವನಿದ್ದಾನೆ.

“ಆಪಾ, ವೀಸಾ ಸಿಕ್ಕರೆ ಮೊದಲು ನಿಮ್ಮೂರಿಗೆ ಬರುತ್ತೇನೆ. ನಿಮ್ಮಣ್ಣನ ಮನೆಯಲ್ಲಿ ಎರಡು ದಿನ ಇದ್ದು, ಆಮೇಲೆ ಆಸ್ಪತ್ರೆಗೆ ಹೋಗುತ್ತೇನೆ. ಬರಬಹುದಲ್ಲವಾ?”

ಪಾರ್ವತಿನಗರದ ಓಣಿ ಕಣ್ಣೆದುರು ಬಂತು. ಕಾಫಿ ಲೋಟ ಕೆಳಗಿಟ್ಟು ಎದ್ದವರು, ಮುಂದಿನ ಸಾಲಿನ ಹಿರಿಯರು, ಸಿರುಗುಪ್ಪದ ಆ ಬಾಗಿಲು. ಅವನು ನಮ್ಮ ಮನೆಯಲ್ಲಿದ್ದಾಗ ಯಾರಾದರೂ ಬಂದು ಕೇಳಿದರೆ ಮುಂದೆ ನಿಲ್ಲುವವರು ಯಾರು? ಅಣ್ಣ ನಿಂತಾನೆಯೇ? ಅವನು ಉತ್ತರಕ್ಕೆ ಕಾಯುತ್ತ, ಉಳಿದ ಒಂದೇ ಕಣ್ಣನ್ನು ನನ್ನ ಕಡೆ ಮಾಡಿ ನಿಂತಿದ್ದ.

“ಏಶೋ” ಎಂದೆ. ಬಾ ಎಂದು ಅರ್ಥ. ಅವನ ಭಾಷೆಯಲ್ಲಿ ಅಂದೆ. ನನ್ನ ಭಾಷೆಯಲ್ಲಿ ಬಾ ಅನ್ನಲು ಬಾಯಿ ಬರಲಿಲ್ಲ.